ಮಗಳ ಮದುವೆಗೆ 22 ಲಕ್ಷ: ಪಿಎಫ್ ತೆಗೆಯಲೇ, ಲೋನ್ ಮಾಡಲೇ, ಸೈಟು ಮಾರಲೇ?

ಪ್ರಶ್ನೆ: ನನಗೆ 56 ವರ್ಷ. ತುಮಕೂರಿನ ಒಂದು ಖಾಸಗಿ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಕೈಗೆ 48,000 ಸಂಬಳ ಬರುತ್ತದೆ, ಇನ್ನೆರಡು ವರ್ಷಕ್ಕೆ ರಿಟೈರ್. ದೊಡ್ಡ ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಅವಳಿಗೆ 42,000. ನವೆಂಬರ್ ಕೊನೆಗೆ ಅವಳ ಮದುವೆ. ಛತ್ರ, ಊಟ, ಬಟ್ಟೆ, ಫೋಟೋ ಎಲ್ಲ ಸೇರಿ 14 ಲಕ್ಷ, ಚಿನ್ನಕ್ಕೆ 8 ಲಕ್ಷ, ಒಟ್ಟು 22 ಲಕ್ಷ ಅಂತ ಅಂದಾಜು ಹಾಕಿದ್ದೇವೆ. ಕೈಯಲ್ಲಿ ಇರುವುದು 5 ಲಕ್ಷದ ಎಫ್‌ಡಿ. ಪಿಎಫ್‌ನಲ್ಲಿ 16 ಲಕ್ಷ ಇದೆ, ಅದರಲ್ಲಿ ನನ್ನ ಪಾಲು 9.5 ಲಕ್ಷ. ಸ್ವಂತ ಮನೆ, ಸಾಲ ಇಲ್ಲ. 2008ರಲ್ಲಿ 3 ಲಕ್ಷಕ್ಕೆ ತಗೊಂಡ 30-40 ಸೈಟು ಇದೆ, ಈಗ 24 ಲಕ್ಷ ಬರುತ್ತೆ ಅಂತಾರೆ. ಹೆಂಡತಿಯ ಹತ್ತಿರ ಸುಮಾರು 150 ಗ್ರಾಂ ಒಡವೆ ಇದೆ. ಎರಡನೇ ಮಗಳು ಡಿಗ್ರಿ ಓದುತ್ತಿದ್ದಾಳೆ, ಅವಳ ಹೆಸರಲ್ಲಿ ಸುಕನ್ಯಾ ಸಮೃದ್ಧಿ ಖಾತೆ ಇದೆ. ಬ್ಯಾಂಕಿನವರು ಫೋನ್ ಮಾಡಿ 10 ಲಕ್ಷ ಪರ್ಸನಲ್ ಲೋನ್ ಕೊಡ್ತೀವಿ ಅಂತಾರೆ. ಭಾಮೈದ ಎರಡು ರೂಪಾಯಿ ಬಡ್ಡಿಗೆ ಕೊಡಿಸ್ತೀನಿ ಅಂತಾನೆ, ಇಲ್ಲ ಚೀಟಿ ಹಾಕಿ ಅಂತಾನೆ. ದೊಡ್ಡ ಮಗಳು 3 ಲಕ್ಷ ಉಳಿಸಿದ್ದಾಳೆ, ಜೊತೆಗೆ 5 ಲಕ್ಷ ಲೋನ್ ತಾನೇ ಮಾಡ್ತೀನಿ ಅಂತಾಳೆ. ಮಗಳ ದುಡ್ಡು ಮುಟ್ಟೋದು ಬೇಡ ಅಂತ ನನ್ನ ಹೆಂಡತಿ. ಗಂಡಿನ ಕಡೆಯವರು ಏನೂ ಕೇಳಿಲ್ಲ, ‘ಮದುವೆ ಚೆನ್ನಾಗಿ ಮಾಡಿಕೊಡಿ’ ಅಂದಿದ್ದಾರೆ ಅಷ್ಟೆ. ಪಿಎಫ್ ಪೂರ್ತಿ ತೆಗೆದುಬಿಡೋಣ, ಯಾರ ಹಂಗೂ ಬೇಡ ಅಂತ ನನ್ನ ಯೋಚನೆ. ಸರಿನಾ ಮೇಡಂ? (ಹೆಸರು ಬೇಡ, ತುಮಕೂರು)

ಉತ್ತರ: ಮೊದಲು ಒಂದು ಸಮಾಧಾನದ ಮಾತು. ಮನೆ ಮೇಲೆ ಸಾಲ ಇಲ್ಲ, ಸೈಟಿದೆ, ಒಡವೆ ಇದೆ, ಮಗಳು ದುಡಿಯುತ್ತಿದ್ದಾಳೆ. ಬ್ಯಾಂಕಿನ ಸಾಲ ವಿಭಾಗದಲ್ಲಿ ಬಹಳ ವರ್ಷ ಕೂತವಳು ನಾನು. ನಿಮ್ಮಷ್ಟು ಗಟ್ಟಿಯಾಗಿ ನಿಂತು ಮದುವೆಗೆ ಕೈ ಹಾಕುವ ತಂದೆಯರನ್ನು ಹೆಚ್ಚು ನೋಡಿಲ್ಲ. ಆದರೆ ನಿಮ್ಮ ಪತ್ರದಲ್ಲಿ ಒಂದು ವಿಷಯ ನನ್ನನ್ನು ತಡೆದು ನಿಲ್ಲಿಸಿತು. ದುಡ್ಡು ಎಲ್ಲೆಲ್ಲಿಂದ ತರಬಹುದು ಅಂತ ಏಳೆಂಟು ದಾರಿ ಬರೆದಿದ್ದೀರಿ. ಮದುವೆ ಮುಗಿದ ಮೇಲೆ ಯಾರು, ಯಾವ ಸಂಬಳದಿಂದ, ಎಷ್ಟು ತಿಂಗಳು ಕಟ್ಟುತ್ತಾರೆ ಅನ್ನುವುದು ಮಾತ್ರ ಎಲ್ಲೂ ಇಲ್ಲ. ನಿಮಗೆ ಸಂಬಳ ಇರುವುದು ಇನ್ನು 24 ತಿಂಗಳು. ಮಿಕ್ಕಿದ್ದೆಲ್ಲ ಈ ಒಂದು ಸಂಖ್ಯೆಯಿಂದಲೇ ತೀರ್ಮಾನ ಆಗುತ್ತದೆ.

ಪಿಎಫ್‌ನಿಂದಲೇ ಶುರು ಮಾಡೋಣ, ಏಕೆಂದರೆ ನಿಮ್ಮ ಮನಸ್ಸು ಅಲ್ಲೇ ಇದೆ.

‘ಮದುವೆ ಅಂದರೆ ಪಿಎಫ್ ಪೂರ್ತಿ ಕೊಡ್ತಾರೆ’ ಅನ್ನುವುದು ಕಾರ್ಖಾನೆ ಕ್ಯಾಂಟೀನಿನಲ್ಲಿ ಹಬ್ಬಿರುವ ಮಾತು. ಅದು ನಿಜವಲ್ಲ. ಬಹುಕಾಲದಿಂದ ಇದ್ದ ನಿಯಮ ಹೀಗೆ: 7 ವರ್ಷ ಸದಸ್ಯತ್ವ ಆಗಿರಬೇಕು, ನೌಕರನ ಪಾಲು ಮತ್ತು ಅದರ ಬಡ್ಡಿಯಲ್ಲಿ ಅರ್ಧದಷ್ಟನ್ನು ಮದುವೆಗೆ ತೆಗೆಯಬಹುದು. ನಿಮ್ಮ ಲೆಕ್ಕದಲ್ಲಿ 9.5 ಲಕ್ಷದ ಅರ್ಧ, ಅಂದರೆ 4.75 ಲಕ್ಷ. 2025ರ ಅಕ್ಟೋಬರ್‌ನಲ್ಲಿ ಪಿಎಫ್ ನಡೆಸುವ ಸಂಸ್ಥೆ ಇಪಿಎಫ್‌ಒದ ಟ್ರಸ್ಟಿಗಳ ಮಂಡಳಿ ಇದನ್ನು ಸಡಿಲ ಮಾಡುವ ತೀರ್ಮಾನ ತೆಗೆದುಕೊಂಡಿತು. 12 ತಿಂಗಳ ಸೇವೆ ಸಾಕು, ಮದುವೆಗೆ 5 ಸಲದವರೆಗೆ ತೆಗೆಯಬಹುದು, ಆದರೆ 25 ಪರ್ಸೆಂಟ್ ಖಾತೆಯಲ್ಲೇ ಉಳಿಯಬೇಕು ಅಂತ. ನೀವು ಅರ್ಜಿ ಹಾಕುವ ದಿನ ಪೋರ್ಟಲ್ ಎಷ್ಟು ತೋರಿಸುತ್ತದೋ ಅದೇ ನಿಮ್ಮ ಮಿತಿ ಅಂದುಕೊಳ್ಳಿ.

ಈಗ ನಾನು ಹೇಳುವುದು ಕೇಳಿ. ಹೆಚ್ಚು ಕೊಟ್ಟರೂ ಹೆಚ್ಚು ತೆಗೆಯಬೇಡಿ. ನಿಮಗೆ ರಿಟೈರ್ ಆದ ಮೇಲೆ ಇಪಿಎಸ್ ಪಿಂಚಣಿ, ಅಂದರೆ ಪಿಎಫ್ ಜೊತೆಗಿರುವ ನೌಕರರ ಪಿಂಚಣಿ ಬರುತ್ತದೆ. ಅದನ್ನು ಹೆಚ್ಚಿನವರಿಗೆ 15,000 ರೂಪಾಯಿ ಸಂಬಳದ ಮಿತಿಯ ಮೇಲೆ ಲೆಕ್ಕ ಹಾಕುತ್ತಾರೆ. 35 ವರ್ಷ ಸೇವೆ ಆದವರಿಗೂ ಅದು ತಿಂಗಳಿಗೆ 7,500 ಆಸುಪಾಸು. ನಿಮಗೆ ಅಷ್ಟೂ ಬರುವುದು ಅನುಮಾನ. ಮನೆ ಖರ್ಚು ಆವತ್ತಿಗೂ 25-30 ಸಾವಿರ ಇದ್ದೇ ಇರುತ್ತದೆ. ಆ ವ್ಯತ್ಯಾಸ ತುಂಬುವುದು ಈ 16 ಲಕ್ಷವೇ. ಇತ್ತೀಚಿನ ವರ್ಷಗಳಲ್ಲಿ ಪಿಎಫ್ 8.25 ಪರ್ಸೆಂಟ್ ಬಡ್ಡಿ ಕೊಡುತ್ತಿದೆ. ಇಷ್ಟು ಭದ್ರವಾದ ಕಡೆ ಇಷ್ಟು ಬಡ್ಡಿ ನಿಮ್ಮ ವಯಸ್ಸಿನವರಿಗೆ ಬೇರೆಲ್ಲೂ ಸುಲಭವಾಗಿ ಸಿಗುವುದಿಲ್ಲ. ‘ಯಾರ ಹಂಗೂ ಬೇಡ’ ಅಂತ ಇವತ್ತು ಪಿಎಫ್ ಖಾಲಿ ಮಾಡಿದರೆ 60ನೇ ವಯಸ್ಸಿಗೆ ಮಕ್ಕಳ ಹಂಗಿಗೆ ಬೀಳುತ್ತೀರಿ. ಅಳಿಯನ ಮನೆಯಲ್ಲಿರುವ ಮಗಳ ಹತ್ತಿರ ತಿಂಗಳ ಖರ್ಚಿಗೆ ಕೈಚಾಚುವುದು ಯಾವ ತಂದೆಗೂ ಇಷ್ಟವಾಗುವ ಕೆಲಸ ಅಲ್ಲ, ಅಲ್ವಾ?

ಹಾಗಂತ ಪಿಎಫ್ ಮುಟ್ಟಲೇಬೇಡಿ ಅನ್ನುವುದಿಲ್ಲ. ಎರಡರಿಂದ ಎರಡೂವರೆ ಲಕ್ಷ ತೆಗೆಯಿರಿ. ಅದಕ್ಕಿಂತ ಮೇಲೆ ಹೋಗಬೇಕಾದರೆ ಬೇರೆಲ್ಲ ಬಾಗಿಲೂ ತಟ್ಟಿ ಆಗಿರಬೇಕು.

ಫೋನಿನಲ್ಲಿ ಬಂದ 10 ಲಕ್ಷ

‘ಮ್ಯಾರೇಜ್ ಲೋನ್’ ಅಂತ ಏನೋ ವಿಶೇಷ ಸಾಲ ಇದೆ ಅಂತ ಜನ ಅಂದುಕೊಳ್ಳುತ್ತಾರೆ. ಪರ್ಸನಲ್ ಲೋನಿಗೇ ಅರಿಶಿನ ಕುಂಕುಮ ಹಚ್ಚಿ ಆ ಹೆಸರು ಇಟ್ಟಿರುತ್ತಾರೆ ಅಷ್ಟೆ. ಬಡ್ಡಿ ಅದೇ, ಷರತ್ತು ಅದೇ.

12 ಪರ್ಸೆಂಟ್ ಬಡ್ಡಿ, 5 ವರ್ಷ ಅಂತ ಇಟ್ಟುಕೊಳ್ಳಿ. 10 ಲಕ್ಷಕ್ಕೆ ತಿಂಗಳ ಕಂತು 22,244. ಎರಡು ವರ್ಷ ಒಂದು ಕಂತೂ ತಪ್ಪಿಸದೆ ಕಟ್ಟಿದಿರಿ ಅನ್ನಿ, ನೀವು ರಿಟೈರ್ ಆಗುವ ದಿನ ಇನ್ನೂ 6.7 ಲಕ್ಷ ಬಾಕಿ ಇರುತ್ತದೆ. ಅದನ್ನು ಎಲ್ಲಿಂದ ಕಟ್ಟುತ್ತೀರಿ? ಪಿಎಫ್‌ನಿಂದಲೇ. ಅಂದರೆ ಇದು ಪಿಎಫ್ ಉಳಿಸುವ ದಾರಿಯಲ್ಲ. ಪಿಎಫ್ ದುಡ್ಡನ್ನೇ ಬಡ್ಡಿ ಸಮೇತ ಎರಡು ವರ್ಷ ತಡವಾಗಿ ಕಳೆದುಕೊಳ್ಳುವ ದಾರಿ. ಸರಿ, ಎರಡೇ ವರ್ಷಕ್ಕೆ ತೀರಿಸೋಣ ಅಂದರೆ ಕಂತು 47,073. ನಿಮ್ಮ ಕೈಗೆ ಬರುವ ಸಂಬಳ 48,000.

ಇನ್ನೊಂದು ವಿಷಯ ಫೋನ್ ಮಾಡುವ ಹುಡುಗರು ಹೇಳುವುದಿಲ್ಲ. ಅರ್ಜಿ ಒಳಗೆ ಹೋದ ಮೇಲೆ ಬ್ಯಾಂಕು ನಿಮ್ಮ ರಿಟೈರ್‌ಮೆಂಟ್ ತಾರೀಖು ನೋಡುತ್ತದೆ. ಸಾಮಾನ್ಯವಾಗಿ ಆ ತಾರೀಖಿನ ಒಳಗೆ ಸಾಲ ಮುಗಿಯಬೇಕು ಅನ್ನುತ್ತಾರೆ. ಇಲ್ಲದಿದ್ದರೆ ‘ಮಗಳನ್ನು ಕೋ-ಅಪ್ಲಿಕೆಂಟ್ ಮಾಡಿ ಸಾರ್’ ಅನ್ನುತ್ತಾರೆ. ಅಲ್ಲಿಗೆ ನಿಮ್ಮ ಸಾಲ ಅವಳ ಹೆಗಲಿಗೆ ಹೋಯಿತು. ಯಾವ ಸಾಲಕ್ಕೇ ಆದರೂ ಸಹಿ ಹಾಕುವ ಮುಂಚೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಅನ್ನುವ ಹಾಳೆ ಕೇಳಿ ಪಡೆಯಿರಿ. 2024ರ ಅಕ್ಟೋಬರ್ 1ರಿಂದ ಅದನ್ನು ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಪ್ರೊಸೆಸಿಂಗ್ ಫೀ, ಇನ್ಶೂರೆನ್ಸ್ ಎಲ್ಲ ಸೇರಿ ನಿಜವಾದ ವಾರ್ಷಿಕ ಬಡ್ಡಿ ಎಷ್ಟು ಅಂತ ಅದರಲ್ಲಿ ಒಂದೇ ಸಂಖ್ಯೆಯಲ್ಲಿ ಇರುತ್ತದೆ. ಅವಧಿಗೆ ಮುಂಚೆ ತೀರಿಸಿದರೆ ದಂಡ ಎಷ್ಟು ಅಂತಲೂ ಕೇಳಿ. ಪರ್ಸನಲ್ ಲೋನ್ ಹೆಚ್ಚಾಗಿ ನಿಗದಿತ ಬಡ್ಡಿಯದು, ದಂಡ ಇರುವ ಸಾಧ್ಯತೆ ಜಾಸ್ತಿ.

ಭಾಮೈದನ ಎರಡು ರೂಪಾಯಿ ಬಡ್ಡಿ ಬಗ್ಗೆ ಹೆಚ್ಚು ಬರೆಯಲಾರೆ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಅಂದರೆ ವರ್ಷಕ್ಕೆ 24 ಪರ್ಸೆಂಟ್. ‘ಎರಡೇ ರೂಪಾಯಿ’ ಅಂದಾಗ ಸಣ್ಣದಾಗಿ ಕೇಳುತ್ತದೆ. 5 ಲಕ್ಷ ತಂದರೆ ತಿಂಗಳಿಗೆ 10,000 ಬರೀ ಬಡ್ಡಿ. ಎರಡು ವರ್ಷದಲ್ಲಿ 2.4 ಲಕ್ಷ ಕಟ್ಟಿರುತ್ತೀರಿ, ಅಸಲು 5 ಲಕ್ಷ ಹಾಗೇ ಕೂತಿರುತ್ತದೆ. ಮೇಲೆ ಖಾಲಿ ಚೆಕ್ಕು, ಸೈಟಿನ ಪತ್ರ ಅಂತ ಕೇಳುತ್ತಾರೆ. ಮನೆ ಮುಂದೆ ಬಂದು ಸಾಲ ಕೇಳುವವರ ಕಿರುಕುಳ ಮಿತಿ ಮೀರಿ ನಮ್ಮ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಂಬಂಧಿಕರ ಮೂಲಕ ಬರುವ ಸಾಲದಲ್ಲಿ ಇನ್ನೊಂದು ತೊಂದರೆ: ಒಂದು ತಿಂಗಳು ತಪ್ಪಿದರೆ ಮಾತು ಬರುವುದು ನಿಮ್ಮ ಹೆಂಡತಿಗೆ, ಅದೂ ತವರಿನಿಂದ. ಬೇಡ.

ಚೀಟಿ ಕೆಟ್ಟದ್ದಲ್ಲ, ನಿಮಗೆ ಈಗ ಹೊತ್ತು ಮೀರಿದೆ. ಮೂರು ವರ್ಷ ಮುಂಚೆ ಹಾಕಿದ್ದರೆ ಚೆನ್ನಾಗಿತ್ತು. ಈಗ ಸೇರಿ ಆರು ತಿಂಗಳಲ್ಲಿ ಎತ್ತಬೇಕು ಅಂದರೆ ಜಾಸ್ತಿ ಬಿಟ್ಟು ಕೂಗಬೇಕು. 5 ಲಕ್ಷದ ಚೀಟಿಯನ್ನು ಒಂದೂವರೆ ಲಕ್ಷ ಬಿಟ್ಟು ಕೂಗಿದರೆ ಕೈಗೆ ಬರುವುದು ಮೂರೂವರೆ. ಕಂತು ಮಾತ್ರ ಕೊನೆಯವರೆಗೂ ಕಟ್ಟುತ್ತಾ ಹೋಗಬೇಕು. 50 ತಿಂಗಳ ಚೀಟಿಯಾದರೆ ಅದೂ ನಿಮ್ಮ ರಿಟೈರ್‌ಮೆಂಟ್ ದಾಟುತ್ತದೆ. ಜಾಮೀನುದಾರರನ್ನೂ ಹುಡುಕಬೇಕು. ಎರಡನೇ ಮಗಳಿಗೆ ಅಂತ ಮುಂದೆ ಯೋಚಿಸುವುದಾದರೆ ಚಿಟ್ ರಿಜಿಸ್ಟ್ರಾರ್ ಹತ್ತಿರ ನೋಂದಣಿ ಆಗಿರುವ ಕಂಪನಿ ಅಥವಾ ಸರ್ಕಾರಿ ಸಂಸ್ಥೆ ಎಂಎಸ್‌ಐಎಲ್ ನಡೆಸುವ ಚೀಟಿ ನೋಡಿ. ಕಾಯ್ದೆ ಪ್ರಕಾರ ಕಮಿಷನ್ 7 ಪರ್ಸೆಂಟ್ ಮೀರಬಾರದು. ಬೀದಿಯಲ್ಲಿ ನಂಬಿಕೆ ಮೇಲೆ ನಡೆಯುವ ಚೀಟಿ ಮುಳುಗಿದರೆ ದುಡ್ಡು ವಾಪಸ್ ಬರುವುದು ತುಂಬಾ ಕಷ್ಟ.

ಸೈಟು

ನಮ್ಮಲ್ಲಿ ಸೈಟು ಮಾರುವುದು ಅಂದರೆ ಮನೆತನದ ಮಾನ ಹೋದ ಹಾಗೆ ಮಾತಾಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಸುಮ್ನೆ ಬಿದ್ದಿರುವ ಸೈಟನ್ನು ಒಳ್ಳೆ ರೇಟಿಗೆ ಮಾರಿ ಸಾಲವಿಲ್ಲದೆ ಇರುವುದು ಬುದ್ಧಿವಂತಿಕೆಯೇ. ನನ್ನ ತಕರಾರು ಇರುವುದು ನವೆಂಬರ್ ಒಳಗೆ ಮಾರಬೇಕು ಅನ್ನುವ ಗಡಿಬಿಡಿಗೆ. ಮದುವೆ ಖರ್ಚಿಗೆ ಮಾರುತ್ತಿದ್ದಾರೆ ಅಂತ ದಲ್ಲಾಳಿಗೆ ಗೊತ್ತಾದ ದಿನವೇ 24 ಲಕ್ಷ 20 ಆಗುತ್ತದೆ. ತೆರಿಗೆಯೂ ಇದೆ. 24 ಲಕ್ಷಕ್ಕೇ ಮಾರಿದರೂ ಲಾಭ 21 ಲಕ್ಷ, ಅದರ ಮೇಲೆ 12.5 ಪರ್ಸೆಂಟ್ ಅಂದರೆ ಸುಮಾರು 2.6 ಲಕ್ಷ, ಮೇಲೆ ಸೆಸ್. ಮದುವೆಗೆ ಮಾರಿದೆ ಅಂದರೆ ರಿಯಾಯಿತಿ ಏನೂ ಇಲ್ಲ. 2024ರ ಜುಲೈ 23ಕ್ಕೆ ಮುಂಚೆ ತಗೊಂಡ ಆಸ್ತಿಗೆ ಹಣದುಬ್ಬರದ ಲೆಕ್ಕ ಹಾಕಿ 20 ಪರ್ಸೆಂಟ್ ಕಟ್ಟುವ ಆಯ್ಕೆಯೂ ಇದೆ. ಇಷ್ಟು ಏರಿದ ಸೈಟಿಗೆ ಸಾಮಾನ್ಯವಾಗಿ 12.5ರದ್ದೇ ಲಾಭ. ಒಬ್ಬ ಆಡಿಟರ್ ಹತ್ತಿರ ಎರಡನ್ನೂ ಹಾಕಿಸಿ ನೋಡಿ.

‘ಅರ್ಧ ಕ್ಯಾಶ್ ಕೊಡ್ತೀವಿ, ತೆರಿಗೆ ಉಳಿಯುತ್ತೆ’ ಅಂತ ಕೊಳ್ಳುವವರು ಬಂದೇ ಬರುತ್ತಾರೆ. ಜಾಗ ಮಾರುವಾಗ 20,000 ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡರೆ ತಗೊಂಡಷ್ಟೇ ದಂಡ ಬೀಳಬಹುದು. ದಂಡ ತಗೊಂಡವರಿಗೆ, ಅಂದರೆ ನಿಮಗೆ.

ನಾನಾಗಿದ್ದರೆ ಸೈಟನ್ನು ಈಗ ಮುಟ್ಟುವುದಿಲ್ಲ. ರಿಟೈರ್ ಆದ ಮೇಲೆ ನಿಮಗೂ ನಿಮ್ಮ ಹೆಂಡತಿಗೂ ಆರೋಗ್ಯದ ಖರ್ಚು, ಚಿಕ್ಕವಳ ಓದು, ಮದುವೆ ಎಲ್ಲಕ್ಕೂ ಇರುವುದು ಅದೊಂದೇ ದೊಡ್ಡ ಆಸ್ತಿ.

ಇಷ್ಟು ಹೇಳಿದ ಮೇಲೆ ‘ಹಾಗಾದರೆ 22 ಲಕ್ಷ ಎಲ್ಲಿಂದ ತರಲಿ’ ಅಂತ ಕೇಳುತ್ತೀರಿ. ತರಲು ಆಗುವುದಿಲ್ಲ. ಸಾಲ ಎಷ್ಟು ಮಾಡಬಹುದು ಅಂತ ಹಿಂದಿನಿಂದ ಲೆಕ್ಕ ಹಾಕಿ ನೋಡಿ. ಮನೆ ಖರ್ಚು ಕಳೆದು ತಿಂಗಳಿಗೆ 14-15 ಸಾವಿರ ಕಟ್ಟಬಲ್ಲಿರಿ. ಎರಡು ವರ್ಷದಲ್ಲಿ ಅದು ತೀರಿಸಬಲ್ಲ ಸಾಲ ಸುಮಾರು 3 ಲಕ್ಷ. ಅದೇ ನಿಮ್ಮ ಸಾಲದ ಗಡಿ. ಹತ್ತಲ್ಲ, ಐದೂ ಅಲ್ಲ. ಆದ್ದರಿಂದ ಮದುವೆಯ ಅಂದಾಜನ್ನೇ ಬಿಚ್ಚಿ ನೋಡಬೇಕು.

ಅಂದಾಜು ಪಟ್ಟಿ ಬಿಚ್ಚಿದರೆ

ಚಿನ್ನಕ್ಕೆ 8 ಲಕ್ಷ ಅಂತ ಬರೆದಿದ್ದೀರಿ. ಮನೆಯಲ್ಲಿ 150 ಗ್ರಾಂ ಇದೆ. 2025ರಲ್ಲಿ 10 ಗ್ರಾಂ ಅಪರಂಜಿ ಲಕ್ಷ ದಾಟಿದ ಮೇಲೆ ನಾನು ಎಲ್ಲರಿಗೂ ಕೇಳುವ ಮೊದಲ ಪ್ರಶ್ನೆ ಇದೇ: ಮನೆಯಲ್ಲಿರುವುದನ್ನು ಬಿಟ್ಟು ಹೊಸದು ಯಾಕೆ? ಹೊಸ ಒಡವೆಗೆ ಚಿನ್ನದ ಬೆಲೆ ಜೊತೆ ವೇಸ್ಟೇಜ್, ಮೇಕಿಂಗ್ ಚಾರ್ಜ್, ಅದರ ಮೇಲೆ ಜಿಎಸ್‌ಟಿ. ನಾಳೆ ಅದನ್ನೇ ಅಂಗಡಿಗೆ ವಾಪಸ್ ತೆಗೆದುಕೊಂಡು ಹೋದರೆ ಈ ದುಡ್ಡಿನಲ್ಲಿ ಒಂದು ರೂಪಾಯಿಯೂ ಬರುವುದಿಲ್ಲ. ಹಳೆಯದನ್ನು ಕರಗಿಸಿ ಹೊಸದು ಮಾಡಿಸಿದರೂ ಮೇಕಿಂಗ್ ತಪ್ಪುವುದಿಲ್ಲ. ಹೆಂಡತಿಯ ಒಡವೆಯಲ್ಲಿ 70 ಗ್ರಾಂನಷ್ಟು ಪಾಲಿಶ್ ಮಾಡಿಸಿ ದೊಡ್ಡವಳಿಗೆ ಕೊಡಿ. ತಾಳಿ, ಇನ್ನೊಂದು ಸಣ್ಣ ಒಡವೆ ಮಾತ್ರ ಹೊಸದು ತನ್ನಿ, ಒಂದೂವರೆ ಲಕ್ಷ ಇಟ್ಟುಕೊಳ್ಳಿ. ಆರೂವರೆ ಲಕ್ಷ ಇಲ್ಲೇ ಉಳಿಯಿತು. ಒಂದು ಮಾತು: ಆ ಒಡವೆ ನಿಮ್ಮ ಹೆಂಡತಿಯದು. ಕೊಡುವುದೋ ಬಿಡುವುದೋ, ಯಾವುದು ದೊಡ್ಡವಳಿಗೆ, ಯಾವುದು ಚಿಕ್ಕವಳಿಗೆ ಅಂತ ಅವರೇ ಹೇಳಬೇಕು. ನೀವು ಪಟ್ಟಿ ಮಾಡಿಕೊಂಡು ಹೋಗಬೇಡಿ. ನಾನು ನೋಡಿದ ಹಾಗೆ, ಕೇಳುವ ರೀತಿಯಲ್ಲಿ ಕೇಳಿದರೆ ತಾಯಂದಿರು ಇಲ್ಲ ಅನ್ನುವುದಿಲ್ಲ.

ಇನ್ನು ಛತ್ರ, ಊಟ. ಅಡುಗೆ ಕಂಟ್ರಾಕ್ಟರ್ ಕೊಡುವ ಚೀಟಿಯನ್ನು ಸರಿಯಾಗಿ ಓದುವವರು ಕಡಿಮೆ. ‘ಎಲೆ ಒಂದಕ್ಕೆ 400’ ಅಂತ ದೊಡ್ಡದಾಗಿ ಬರೆದಿರುತ್ತದೆ. ಕೆಳಗೆ ‘ಕನಿಷ್ಠ 800 ಎಲೆ’ ಅಂತ ಇರುತ್ತದೆ. ಉಂಡವರು 550 ಜನ ಆದರೂ ನೀವು ಕೊಡುವುದು 800 ಎಲೆಗೆ. ಆ 250 ಎಲೆಗೆ 1 ಲಕ್ಷ. ಯಾರೂ ಉಣ್ಣದ ಊಟ ಅದು. ಗ್ಯಾರಂಟಿಯನ್ನು 550ಕ್ಕೆ ಇಳಿಸಿ, ಮೇಲೆ ಬಂದರೆ ಎಲೆ ಲೆಕ್ಕ ಕೊಡ್ತೀವಿ ಅಂತ ಬರೆಸಿಕೊಳ್ಳಿ. ಎಲೆ ಎಣಿಸಲು ನಿಮ್ಮ ಕಡೆಯ ಒಬ್ಬ ನಂಬಿಕಸ್ಥ ಹುಡುಗನನ್ನು ಪಂಕ್ತಿ ಹತ್ತಿರ ನಿಲ್ಲಿಸಿ. ಹಿಂದಿನ ದಿನದ ರಿಸೆಪ್ಶನ್ ಬಫೆಗೆ ತಟ್ಟೆ ಲೆಕ್ಕ, ಅಲ್ಲೂ ಇದೇ ಮಾತು. ಛತ್ರದವರ ಹತ್ತಿರ ಬಾಡಿಗೆ ಮಾತ್ರ ಕೇಳಬೇಡಿ. ಕರೆಂಟಿಗೆ ಯೂನಿಟ್ ಲೆಕ್ಕ ಎಷ್ಟು, ಕ್ಲೀನಿಂಗ್ ಎಷ್ಟು, ಜನರೇಟರ್ ಡೀಸೆಲ್ ಯಾರದ್ದು, ಪಾತ್ರೆ ಬಾಡಿಗೆ ಬೇರೆಯಾ, ಹೊರಗಿನ ಅಡುಗೆಯವರನ್ನು ಬಿಡ್ತಾರಾ ಕೇಳಿ. ಬಾಡಿಗೆ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ ಬರಬಹುದು.

‘ಎಲ್ಲ ಕ್ಯಾಶ್ ಕೊಡಿ’ ಅನ್ನುವವರು ಇಲ್ಲೂ ಸಿಗುತ್ತಾರೆ. ಒಂದು ಸಮಾರಂಭಕ್ಕೆ ಸಂಬಂಧಪಟ್ಟ ಹಾಗೆ ಒಬ್ಬರಿಂದ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವುದನ್ನು ಆದಾಯ ತೆರಿಗೆ ಕಾಯ್ದೆ ನಿಷೇಧಿಸಿದೆ. ಎರಡು ಮೂರು ರಸೀದಿ ಮಾಡಿ ಒಡೆದರೂ ಸಮಾರಂಭ ಒಂದೇ. ದಂಡ ಅವರಿಗೇ ಬೀಳುವುದು ನಿಜ. ಆದರೆ ಚೆಕ್ ಅಥವಾ ಯುಪಿಐನಲ್ಲಿ ಕೊಟ್ಟರೆ, ನಾಳೆ ಜಗಳ ಆದಾಗ ನಿಮ್ಮ ಕೈಯಲ್ಲಿ ಸಾಕ್ಷಿ ಇರುತ್ತದೆ.

ಈಗ ಆ ಮಾತಿಗೆ ಬರೋಣ: ‘ಮದುವೆ ಚೆನ್ನಾಗಿ ಮಾಡಿಕೊಡಿ.’

ಇದಕ್ಕೆ ಅರ್ಥ ಏನು ಅಂತ ನಿಮಗೂ ಗೊತ್ತಿಲ್ಲ, ನಿಜ ಹೇಳಬೇಕಂದರೆ ಎಷ್ಟೋ ಸಲ ಅವರಿಗೂ ಗೊತ್ತಿರುವುದಿಲ್ಲ. ಬಾಯಿ ಮಾತಿಗೆ ಅಂದಿರುತ್ತಾರೆ. ಹೆಣ್ಣಿನ ಕಡೆಯವರು ರಾತ್ರಿಯೆಲ್ಲ ಕೂತು ಅದಕ್ಕೆ ದೊಡ್ಡ ಛತ್ರ, ಎರಡು ಸಿಹಿ, ಡ್ರೋನ್ ಕ್ಯಾಮೆರಾ, ಬೀಗರಿಗೆಲ್ಲ ರೇಷ್ಮೆ ಸೀರೆ ಅಂತ ಅರ್ಥ ಕಟ್ಟುತ್ತಾರೆ. ಮದುವೆ ಸಾಲಕ್ಕೆ ಬಂದವರ ಹತ್ತಿರ ‘ಇದನ್ನೆಲ್ಲ ಅವರು ಕೇಳಿದರಾ’ ಅಂತ ನಾನು ಕೇಳುತ್ತಿದ್ದೆ. ‘ಕೇಳಿಲ್ಲ ಮೇಡಂ, ಆದ್ರೂ...’ ಅನ್ನುವ ಉತ್ತರವೇ ಜಾಸ್ತಿ ಬರುತ್ತಿತ್ತು.

ಹೋಗಿ ಕೇಳಿ. ನೀವೇ ಹೋಗಲು ಮುಜುಗರ ಅನ್ನಿಸಿದರೆ ಎರಡೂ ಕಡೆ ಬೇಕಾದ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ. ಪತ್ರಿಕೆ ಅಚ್ಚಿಗೆ ಕೊಡುವ ಮುಂಚೆಯೇ ಹೋಗಿ. ‘ಬೀಗರೇ, ಮುಹೂರ್ತದ ಖರ್ಚು ನಮ್ಮದು, ರಿಸೆಪ್ಶನ್ ನಿಮ್ಮ ಕಡೆಯಿಂದ ಆದರೆ ಅನುಕೂಲ. ನಿಮ್ಮ ಕಡೆ ಎಷ್ಟು ಜನ ಬರ್ತಾರೆ ಹೇಳಿ, ಆ ಪ್ರಕಾರ ಅಡುಗೆ ಹೇಳ್ತೀನಿ’ ಅನ್ನಿ. ಇಷ್ಟೇ ಮಾತು. ಹುಡುಗ ಹುಡುಗಿ ಇಬ್ಬರೂ ದುಡಿಯುವ ಮನೆಗಳಲ್ಲಿ ಈಗ ಖರ್ಚು ಅರ್ಧರ್ಧ ಹಾಕುವುದು ಅಪರೂಪವೇನಲ್ಲ. ಹುಡುಗನ ಕಿವಿಗೂ ಮಗಳ ಮೂಲಕ ಈ ವಿಷಯ ಮೊದಲೇ ಬಿದ್ದಿರಲಿ. ಅವರು ಒಪ್ಪಿದರೆ ನಿಮಗೆ 3 ಲಕ್ಷದಷ್ಟು ಇಳಿಯುತ್ತದೆ. ಒಪ್ಪದಿದ್ದರೆ ರಿಸೆಪ್ಶನ್ ಸಣ್ಣದು ಮಾಡಿ. ಮಗಳನ್ನೂ ಒಮ್ಮೆ ಕೇಳಿ, ಅವಳಿಗೆ ಎಷ್ಟು ದೊಡ್ಡ ಮದುವೆ ಬೇಕು ಅಂತ. ದೇವಸ್ಥಾನದಲ್ಲಿ ತಾಳಿ, ಮಂತ್ರಮಾಂಗಲ್ಯ ಅಂತ ಮಕ್ಕಳೇ ಹೇಳುವುದನ್ನು, ಅಪ್ಪಂದಿರು ಬೆಚ್ಚಿಬೀಳುವುದನ್ನು ನೋಡಿದ್ದೇನೆ.

ಅವರು ಕಾರು, ದುಡ್ಡು ಅಂತ ಬಾಯಿಬಿಟ್ಟು ಕೇಳಿದರೆ ಮಾತೇ ಬೇರೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ತಗೊಳ್ಳುವುದೂ ಅಪರಾಧ, ಕೊಡುವುದೂ ಅಪರಾಧ. ಕನಿಷ್ಠ 5 ವರ್ಷ ಜೈಲು. ಅಂಥ ಬೇಡಿಕೆಗೆ ಯಾವ ಸಾಲ ಒಳ್ಳೆಯದು ಅಂತ ನಾನು ಹೇಳಿಕೊಡುವುದಿಲ್ಲ.

ಮಗಳ ದುಡ್ಡು

ನಿಮ್ಮ ಹೆಂಡತಿಯ ಸಂಕೋಚ ನನಗೆ ಅರ್ಥವಾಗುತ್ತದೆ. ಆದರೆ ಇಲ್ಲಿ ಎರಡು ಬೇರೆ ಬೇರೆ ವಿಷಯ ಕಲಸಿಹೋಗಿವೆ. ಮಗಳು ಉಳಿಸಿದ 3 ಲಕ್ಷ ಒಂದು. ಅವಳು ಮಾಡುತ್ತೇನೆ ಅನ್ನುವ 5 ಲಕ್ಷ ಸಾಲ ಇನ್ನೊಂದು.

ಉಳಿತಾಯವನ್ನು ತಗೊಳ್ಳಿ. ತನ್ನ ಮದುವೆಗೆ ತಾನು ದುಡಿದ ದುಡ್ಡು ಹಾಕಿದೆ ಅನ್ನುವ ಹೆಮ್ಮೆ ಅವಳಿಗೂ ಬೇಕು. ಬೇಡ ಅಂದರೆ ಬೇಜಾರಾಗುವುದು ಅವಳಿಗೇ.

ಸಾಲ ಮಾಡಿಸಬೇಡಿ. 5 ಲಕ್ಷಕ್ಕೆ 5 ವರ್ಷ, ಅದೇ 12 ಪರ್ಸೆಂಟ್‌ನಲ್ಲಿ ಕಂತು 11,122. ಅವಳ ಸಂಬಳದ ಕಾಲು ಭಾಗಕ್ಕಿಂತ ಜಾಸ್ತಿ. ಮದುವೆಯಾಗಿ ಒಂದೆರಡು ವರ್ಷಕ್ಕೆ ಗಂಡ ಹೆಂಡತಿ ಇಬ್ಬರೂ ಮನೆ ಸಾಲಕ್ಕೆ ಬ್ಯಾಂಕಿಗೆ ಬರುತ್ತಾರೆ. ಇಂಥ ಜೋಡಿಗಳ ಕಡತ ನನ್ನ ಮೇಜಿನ ಮೇಲೆ ಎಷ್ಟೋ ಬಂದಿವೆ. ಸಿಬಿಲ್, ಅಂದರೆ ಸಾಲದ ಇತಿಹಾಸದ ವರದಿ ತೆಗೆದರೆ ಹುಡುಗಿಯ ಹೆಸರಲ್ಲಿ ಮದುವೆ ಸಾಲ ಓಡುತ್ತಿರುತ್ತದೆ. ಆ 11,122 ರೂಪಾಯಿ ಕಂತಿನಿಂದ, 8.5 ಪರ್ಸೆಂಟ್ 20 ವರ್ಷದ ಲೆಕ್ಕದಲ್ಲಿ, ಸಿಗುವ ಮನೆ ಸಾಲ ಸುಮಾರು 12-13 ಲಕ್ಷ ಕಮ್ಮಿಯಾಗುತ್ತದೆ. ಕೆಲವು ಸಲ ಹುಡುಗನಿಗೆ ಆ ಸಾಲದ ವಿಷಯ ಗೊತ್ತಾಗುವುದೇ ನಮ್ಮ ಮೇಜಿನ ಮುಂದೆ. ಆಗ ಅವನ ಮುಖ ಹೇಗಾಗುತ್ತದೆ ಅಂತ ನಾನು ಬರೆಯಬೇಕಿಲ್ಲ.

ಚಿಕ್ಕವಳ ಸುಕನ್ಯಾ ಖಾತೆಯನ್ನು ನೀವು ಪತ್ರದಲ್ಲಿ ಸುಮ್ಮನೆ ಸೇರಿಸಿದ್ದೀರೋ ಅಥವಾ ಅದರ ಮೇಲೂ ಕಣ್ಣಿದೆಯೋ ಗೊತ್ತಾಗಲಿಲ್ಲ. ಅಕ್ಕನ ಮದುವೆಗೆ ಅಂತ ಅದನ್ನು ತೆಗೆಯಲು ನಿಯಮದಲ್ಲೇ ದಾರಿ ಇಲ್ಲ. ಖಾತೆ ಯಾರ ಹೆಸರಲ್ಲಿದೆಯೋ ಅವಳ ಓದಿಗೆ ಅರ್ಧದವರೆಗೆ, ಅಥವಾ 18 ತುಂಬಿದ ಮೇಲೆ ಅವಳದೇ ಮದುವೆಗೆ, ಅಷ್ಟೇ. ಡಿಗ್ರಿ ಫೀಸಿಗೆ ಬೇಕಾದರೆ ತೆಗೆಯಿರಿ.

ಮುಯ್ಯಿ ಬರುತ್ತೆ, ಅದರಲ್ಲಿ ಅಡುಗೆಯವರ ಬಾಕಿ ತೀರಿಸೋಣ ಅಂತ ಯಾರಾದರೂ ಹೇಳಿರಬಹುದು. ಎಷ್ಟು ಬರುತ್ತದೆ ಅಂತ ಮೊದಲೇ ಹೇಳಲಾಗುವುದಿಲ್ಲ. ಬರೆದಿಟ್ಟ ಪುಸ್ತಕ ನೋಡಿಕೊಂಡು ಒಂದೊಂದಾಗಿ ವಾಪಸ್ ಮಾಡಲೇಬೇಕು, ಅದೂ ನಿಮಗೆ ಸಂಬಳ ನಿಂತ ಮೇಲೆ. ಮದುವೆಗೆ ಅಂತ ವಧು ವರರಿಗೆ ಬರುವ ಉಡುಗೊರೆಗೆ ಆದಾಯ ತೆರಿಗೆ ಇಲ್ಲ, ಎಷ್ಟೇ ಇರಲಿ. ಆದರೆ ಆ ವಿನಾಯಿತಿ ಅವರಿಬ್ಬರಿಗೆ ಮಾತ್ರ, ತಂದೆ ತಾಯಿಗಲ್ಲ. ಆ ದುಡ್ಡು ಮಕ್ಕಳ ಹೊಸ ಮನೆಗೆ ಹೋಗಲಿ.

ಹಾಗಾದರೆ ಲೆಕ್ಕ ಎಲ್ಲಿಗೆ ಬಂತು? ಚಿನ್ನ ಒಂದೂವರೆ ಲಕ್ಷ. ಬೀಗರು ರಿಸೆಪ್ಶನ್ ಹೊತ್ತರೆ ಮತ್ತು ಎಲೆ ಗ್ಯಾರಂಟಿ ಇಳಿಸಿದರೆ ಮಿಕ್ಕ ಖರ್ಚು 14ರಿಂದ 10 ಲಕ್ಷಕ್ಕೆ ಬರುತ್ತದೆ. ಒಟ್ಟು ಹನ್ನೊಂದೂವರೆ. ಎಫ್‌ಡಿಯಲ್ಲಿ ಮೂರೂವರೆ ಹಾಕಿ, ಒಂದೂವರೆ ಆಸ್ಪತ್ರೆ ಗೀಸ್ಪತ್ರೆಗೆ ಅಂತ ಇರಲಿ. ಮಗಳದ್ದು 3. ಪಿಎಫ್‌ನಿಂದ 2. ಉಳಿದ 3 ಲಕ್ಷಕ್ಕೆ ಮನೆಯಲ್ಲಿ ಉಳಿದ ಒಡವೆಯಲ್ಲಿ ಸ್ವಲ್ಪ ಭಾಗ ಬ್ಯಾಂಕಿನಲ್ಲಿ ಅಡ ಇಡಿ. ಬೀಗರು ಒಪ್ಪದೆ ಖರ್ಚು ಏರಿದರೆ ಪಿಎಫ್ ಇನ್ನು ಸ್ವಲ್ಪ ತೆಗೆಯಬಹುದು. ಆದರೂ 4.75 ದಾಟಬೇಡಿ. ಮದುವೆವರೆಗಿನ ಆರು ತಿಂಗಳಲ್ಲಿ ಸಂಬಳದಿಂದ ಉಳಿಯುವ ದುಡ್ಡು ಚಿಲ್ಲರೆ ಖರ್ಚಿಗೆ ಇರಲಿ. ಕೊನೆ ವಾರದಲ್ಲಿ ಅದು ನೀರಿನ ಹಾಗೆ ಹೋಗುತ್ತದೆ.

ಚಿನ್ನದ ಸಾಲ ಯಾಕೆ ಅಂದರೆ, ಪರ್ಸನಲ್ ಲೋನಿಗಿಂತ ಬಡ್ಡಿ ಕಡಿಮೆ, ಮಗಳ ಸಹಿ ಬೇಕಿಲ್ಲ. 9.5 ಪರ್ಸೆಂಟ್ ಅಂತ ಹಿಡಿದರೆ 3 ಲಕ್ಷಕ್ಕೆ 24 ತಿಂಗಳ ಕಂತು ಸುಮಾರು 13,800, ಒಟ್ಟು ಬಡ್ಡಿ 31 ಸಾವಿರದ ಒಳಗೆ. ಆದರೆ ಕೌಂಟರಿನಲ್ಲಿ ‘ಒಂದು ವರ್ಷ ಏನೂ ಕಟ್ಟೋದು ಬೇಡ, ಕೊನೆಗೆ ಒಟ್ಟಿಗೆ ಕಟ್ಟಿ’ ಅನ್ನುವ ಸಾಲ ತೋರಿಸುತ್ತಾರೆ. ಸುಲಭ ಅನ್ನಿಸುತ್ತದೆ. ಮದುವೆ ಮನೆಯಲ್ಲಿ ಒಡವೆ ಹರಾಜಿಗೆ ಹೋಗುವುದು ಹೆಚ್ಚಾಗಿ ಈ ದಾರಿಯಿಂದಲೇ. ವರ್ಷದ ಕೊನೆಗೆ ಮೂರು ಕಾಲು ಲಕ್ಷ ಒಟ್ಟಿಗೆ ಯಾರ ಹತ್ತಿರ ಇರುತ್ತದೆ? ತಿಂಗಳ ಕಂತಿನ ಸಾಲವನ್ನೇ ಕೇಳಿ ತಗೊಳ್ಳಿ. ತೂಕ ಮಾಡುವಾಗ ನೀವೂ ಹೆಂಡತಿಯೂ ಎದುರಿಗಿರಿ. ಕಲ್ಲಿನ ತೂಕ ಕಳೆದು ಬರೀ ಚಿನ್ನಕ್ಕೆ ಬೆಲೆ ಕಟ್ಟುತ್ತಾರೆ, ಅದು ಸರಿಯೇ. 2026ರ ಏಪ್ರಿಲ್ 1ರಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮದಲ್ಲಿ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಬೆಲೆಯ 85 ಪರ್ಸೆಂಟ್, ಐದು ಲಕ್ಷದವರೆಗೆ 80 ಪರ್ಸೆಂಟ್ ತನಕ ಕೊಡಬಹುದು. ಅಷ್ಟು ಕೊಡ್ತಾರೆ ಅಂತ ಅಷ್ಟೂ ಎತ್ತಬೇಡಿ. ಸಾಲ ತೀರಿಸಿದ ಮೇಲೆ 7 ಕೆಲಸದ ದಿನದೊಳಗೆ ಒಡವೆ ವಾಪಸ್ ಕೊಡಬೇಕು, ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಅಂತಲೂ ಅದೇ ನಿಯಮದಲ್ಲಿದೆ.

ಮೊದಲು ಮಾಡಬೇಕಾದ ಕೆಲಸ ದುಡ್ಡಿನದ್ದಲ್ಲ. ಪಿಎಫ್ ಖಾತೆಯಲ್ಲಿರುವ ನಿಮ್ಮ ಹೆಸರು, ಹುಟ್ಟಿದ ತಾರೀಖು ಆಧಾರ್‌ನಲ್ಲಿ ಇರುವ ಹಾಗೇ ಇದೆಯಾ, ಬ್ಯಾಂಕ್ ಖಾತೆ ಯುಎಎನ್‌ಗೆ (ನಿಮ್ಮ ಪಿಎಫ್ ಸದಸ್ಯತ್ವದ ನಂಬರ್) ಜೋಡಣೆ ಆಗಿದೆಯಾ ಅಂತ ಈ ವಾರವೇ ನೋಡಿ. ಹಳೆ ಕಾರ್ಖಾನೆ ದಾಖಲೆಗಳಲ್ಲಿ ಇನಿಷಿಯಲ್ ಹಿಂದೆ ಮುಂದೆ ಆಗಿರುವುದು ಬಹಳ. ಅದನ್ನು ಸರಿಪಡಿಸಲು ಕಂಪನಿಯ ಎಚ್‌ಆರ್ ಕಡೆಯಿಂದಲೂ ಒಪ್ಪಿಗೆ ಬೇಕಾಗಬಹುದು, ಅದಕ್ಕೆ ವಾರಗಳು ಹಿಡಿಯುತ್ತವೆ. ಹೆಸರು ಸರಿ ಇದ್ದರೆ ಅರ್ಜಿಯನ್ನು ಸೆಪ್ಟೆಂಬರ್‌ನಲ್ಲಿ ಹಾಕಿದರೆ ಸಾಕು.